ಮರದ ಕೆಳಗೆ ಆಡಿದರೆ ಕೇಸು, ಟಿಕೆಟ್ ತಗೊಂಡರೆ ಥೆರಪಿ

ಪೇಪರಿನ ಒಳಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ಏರಿಯಾ ಬದಲಾಗುತ್ತದೆ, ಒಕ್ಕಣೆ ಬದಲಾಗಲ್ಲ. ‘ಖಚಿತ ಮಾಹಿತಿ ಮೇರೆಗೆ ದಾಳಿ. ಪಣಕ್ಕಿಟ್ಟಿದ್ದ ನಗದು ಹಾಗೂ 52 ಇಸ್ಪೀಟ್ ಎಲೆಗಳ ವಶ.’ ಆ 52 ಅನ್ನೋ ಲೆಕ್ಕ ಓದಿದಾಗಲೆಲ್ಲ ನನಗೆ ಸಂಶಯ. ಪಾರ್ಕಿನ ಹಳೇ ಕಟ್ಟಿನಲ್ಲಿ ಪೂರ್ತಿ ಎಲೆ ಇರೋದುಂಟಾ? ರಾಣಿ ಒಬ್ಬಳು ಎಂದೋ ಕಳೆದುಹೋಗಿರುತ್ತಾಳೆ. ಅವಳ ಜಾಗಕ್ಕೆ ಮದುವೆ ಪತ್ರಿಕೆ ಕತ್ತರಿಸಿ, ಬಾಲ್‌ಪೆನ್ನಲ್ಲಿ ‘ರಾಣಿ’ ಅಂತ ಬರೆದು ಸೇರಿಸಿರುತ್ತಾರೆ. ಪಂಚನಾಮೆಯಲ್ಲಿ ಅವಳನ್ನು ಏನಂತ ತೋರಿಸುತ್ತಾರೋ! ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲವೇ ವಾಸಿ. ಅವರು 360 ಎಲೆಗಳವರೆಗಿನ ಗಂಜೀಫಾ ಆಟಗಳನ್ನು ರೂಪಿಸಿದವರು. ಆಗ ದಾಳಿ ಮಾಡಿದ್ದರೆ ಎಣಿಸೋದರಲ್ಲೇ ಡ್ಯೂಟಿ ಮುಗಿಯುತ್ತಿತ್ತು.

ಬೀದಿಯಲ್ಲಿ ಜೂಜಾಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87. ಸಂಬಳವನ್ನೆಲ್ಲ ಮೂರೆಲೆಗೆ ಸುರಿಯೋರನ್ನು ಹಿಡಿಯಲಿ, ಬೇಡ ಅಂದವರು ಯಾರು? ಆದರೆ ಬೆಂಗಳೂರಿನ ನಮ್ಮ ಪಾರ್ಕಿನ ಕಲ್ಲುಬೆಂಚಿನಲ್ಲಿ ಸೋತವನು ಬೈಟೂ ಕಾಫಿ ಕೊಡಿಸಬೇಕು ಅನ್ನೋದೇ ದೊಡ್ಡ ಪಣ. ದೂರದಲ್ಲಿ ಖಾಕಿ ಕಂಡರೆ ರಿಟೈರ್ಡ್ ಹೆಡ್‌ಮಾಸ್ಟರು ಎಲೆಗಳನ್ನು ಮಂಕಿ ಕ್ಯಾಪ್ ಒಳಗೆ ತುರುಕಿ, ಆಕಾಶ ನೋಡುತ್ತಾ ಪ್ರಾಣಾಯಾಮ ಶುರು ಮಾಡುತ್ತಾರೆ. ನೋಡಿದರೆ ಖಾಕಿ ತೊಟ್ಟವನು ಆಟೋ ಡ್ರೈವರ್.

ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಬಿದ್ದ ಎಲೆ ನೆನಪಿಡಬೇಕು, ಯಾವುದು ಹಿಡಿಯಬೇಕು, ಯಾವುದು ಬಿಡಬೇಕು ಅಂತ ಲೆಕ್ಕ ಹಾಕಬೇಕು. 1996ರಲ್ಲಿ ಕುದುರೆ ರೇಸೂ ಕೌಶಲದ ಆಟ ಅನ್ನಿಸಿಕೊಂಡಿತು. ಆ ಕೌಶಲಕ್ಕೆ ಊರಿನ ನಟ್ಟನಡುವೆ ಎಕರೆಗಟ್ಟಲೆ ಜಾಗ ಇದೆ. ಈ ಕೌಶಲಕ್ಕೆ ಒಂದು ಕಲ್ಲುಬೆಂಚು, ಅದೂ ಬಿರುಕು ಬಿಟ್ಟಿದ್ದು.

ಅದೇ ರಮ್ಮಿ ಫೋನ್ ಹತ್ತಿತು ನೋಡಿ, ಅದರ ಗತ್ತೇ ಬೇರೆಯಾಯಿತು. ತಾರೆಯರು ನಗುನಗುತ್ತಾ ಆಡೋಕೆ ಕರೆದರು. ಕೊನೆಯಲ್ಲಿ ‘ಇದು ಚಟವಾಗಬಹುದು, ಹಣ ಹೋಗಬಹುದು’ ಅನ್ನೋದನ್ನು ಮುಹೂರ್ತ ಮೀರುತ್ತಿರುವ ಪುರೋಹಿತರ ಹಾಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದರು. 2021ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ನಿಷೇಧ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದನ್ನು ರದ್ದು ಮಾಡಿತು, ಪ್ರೇಮಿಗಳ ದಿನ ಬೇರೆ! 2023ರಲ್ಲಿ ಇಂಥ ಆಟಕ್ಕೆ ಕಟ್ಟುವ ದುಡ್ಡಿನ ಮೇಲೆ ಶೇ 28 ಜಿಎಸ್‌ಟಿ ಬಂತು. ಕೊನೆಗೆ 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನ ಆನ್‌ಲೈನ್ ಆಟವನ್ನೇ ನಿಲ್ಲಿಸಿತು. ಅಷ್ಟರಲ್ಲಿ ಎಷ್ಟು ಮನೆಯ ಒಡವೆ ಗಿರವಿ ಅಂಗಡಿ ಸೇರಿತೋ. ಮೊಬೈಲ್ ಚಟ ಬಿಡಿಸೋಕೆ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ‘ಶಟ್’ ಕ್ಲಿನಿಕ್ ಇದೆ. ಅಂದರೆ ಚಟ ಹತ್ತಿಸೋ ಆಫೀಸೂ ಬೆಂಗಳೂರಿನಲ್ಲೇ, ಬಿಡಿಸೋ ಆಸ್ಪತ್ರೆಯೂ ಬೆಂಗಳೂರಿನಲ್ಲೇ. ನಡುವೆ ಸಿಲ್ಕ್ ಬೋರ್ಡ್ ಟ್ರಾಫಿಕ್ ಒಂದೇ ಅಡ್ಡಿ.

ಈಗ ವೆಲ್‌ನೆಸ್‌ನವರ ಸರದಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಓದೋರು, ವಾದ್ಯ ನುಡಿಸೋರು, ಮಣೆ ಆಟ, ಎಲೆ ಆಟ ಆಡೋರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಆಟದಿಂದ ತಲೆ ಚುರುಕಾಯಿತೋ, ತಲೆ ಚುರುಕಿದ್ದವರೇ ಆಟಕ್ಕೆ ಕೂತರೋ, ಅದು ಇತ್ಯರ್ಥ ಆಗಿಲ್ಲ. ಪೋಸ್ಟರ್ ಮಾಡೋರಿಗೆ ಅಷ್ಟೆಲ್ಲ ಯಾಕೆ? ‘ಮೈಂಡ್‌ಫುಲ್ ಕಾರ್ಡ್ಸ್, ತಲೆಗೆ 1,499 ರೂಪಾಯಿ, ಮ್ಯಾಟ್ ನೀವೇ ತನ್ನಿ.’

ಅಲ್ಲಿ ಎಲೆ ಎತ್ತುವ ಮುಂಚೆ ಉಸಿರು ಎಳೆದುಕೊಳ್ಳಬೇಕು, ಎಸೆಯುವಾಗ ಬಿಡಬೇಕು. ಜೋಕರ್ ಸಿಕ್ಕರೆ ಕಣ್ಣು ಮುಚ್ಚಿ ಕೃತಜ್ಞತೆ ಸಲ್ಲಿಸಬೇಕು. ಸೋತರೆ ಆ ಭಾವನೆಯನ್ನು ಸುಮ್ನೆ ಗಮನಿಸಬೇಕು. ಕಲ್ಲುಬೆಂಚಿನ ಪದ್ಧತಿ ಬೇರೆ. ಅಲ್ಲಿ ಸೋತವನು ‘ಅಯ್ಯೋ ನಿನ್ನ ಮನೆ ಕಾಯ, ಆ ಒಂಬತ್ತನ್ನ ಆಗಿಂದ ಹಿಡ್ಕೊಂಡು ಕೂತಿದ್ಯೇನೋ!’ ಅಂತ ಕೂಗುತ್ತಾನೆ. ಎಲ್ಲರೂ ನಗುತ್ತಾರೆ. ಎರಡು ದಿನ ಬರದವನ ಮನೆಗೆ ಮೂರನೇ ದಿನ ಫೋನ್ ಹೋಗುತ್ತದೆ, ಬಿಪಿ ಮಾತ್ರೆ ತಗೊಂಡ್ಯಾ ಅಂತ. ಇದಕ್ಕೆ ಆ್ಯಪ್ ಇಲ್ಲ, ಸರ್ಟಿಫಿಕೇಟೂ ಇಲ್ಲ. ಹಾಗಾಗಿ ಇದು ಆರೋಗ್ಯ ಅಲ್ಲ, ಜೂಜು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಬಂತು, ಒಂದು ಪಾಲಿಕೆ ಐದಾಯಿತು. ‘ಇಲ್ಲಿ ಇಸ್ಪೀಟ್ ಆಡಬಾರದು’ ಅನ್ನೋ ಬೋರ್ಡು ಮಾತ್ರ ಅಲ್ಲಾಡಿಲ್ಲ. ಮೊನ್ನೆ ಅದರ ಪಕ್ಕ ನಿಂತು ಪಾರ್ಕಿನ ಗಾರ್ಡ್ ಹೇಳಿದ್ದು ಹೀಗೆ: “ಎಲ್ಲಾ ಎದ್ದೇಳಿ ಸರ್, ಭಾನುವಾರಕ್ಕೆ ಬೆಂಚ್ ಬುಕ್ ಆಗಿದೆ, ಒರೆಸಬೇಕು.”

“ಏನಪ್ಪಾ ಪ್ರೋಗ್ರಾಮು?”

“ಇಸ್ಪೀಟ್ ಆಡೋದು ಹೇಳ್ಕೊಡ್ತಾರಂತೆ ಸರ್. ಸೀನಿಯರ್ ಸಿಟಿಜನ್‌ಗೆ ಡಿಸ್ಕೌಂಟ್ ಇದೆ.”

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಹೇಳ್ಕೊಡೋರು ಯಾರು?”

“ಇಪ್ಪತ್ತಾರು ವರ್ಷದ ಹುಡುಗ ಸರ್, ತುಂಬಾ ಅನುಭವ ಅಂತೆ.”