ಕುಂಡದಲ್ಲೊಂದು ಮುನಿಸು

ಬೇಲಿ ಬದಿಯಲ್ಲಿ ತಾನಾಗಿಯೇ ಹಬ್ಬುವ ಮುಟ್ಟಿದರೆ ಮುನಿಯನ್ನು ಯಾರಾದರೂ ಕುಂಡದಲ್ಲಿ ಬೆಳೆಸುತ್ತಾರಾ ಅಂತ ನಗಬೇಡಿ. ನಾನು ಬೆಳೆಸಿದ್ದೇನೆ. ಅದೂ ಎರಡನೇ ಪ್ರಯತ್ನದಲ್ಲಿ. ಮೊದಲ ಸಲ ಬೆಳೆದ ಗಿಡವನ್ನೇ ಕಿತ್ತು ತಂದಿದ್ದೆ. ಬೆರಳಿಗೆಲ್ಲ ಮುಳ್ಳು ಚುಚ್ಚಿತು, ತಾಯಿಬೇರು ಅರ್ಧಕ್ಕೇ ತುಂಡಾಯಿತು. ಕಲ್ಲುಸಂದಿಯಲ್ಲಿ, ಕಂಡವರ ಕಾಲಡಿಯಲ್ಲಿ ಬದುಕುವ ಗಿಡ ನನ್ನ ಉಪಚಾರಕ್ಕೆ ಮೂರೇ ದಿನದಲ್ಲಿ ಒಣಗಿಹೋಯಿತು.

ಆಮೇಲೆ ಬೀಜ ಹುಡುಕಿದೆ. ಇದರ ಸಿಪ್ಪೆ ಬಲು ಗಟ್ಟಿ, ಸುಮ್ನೆ ಮಣ್ಣಿಗೆ ಹಾಕಿದರೆ ಎಷ್ಟೋ ಕಾಲ ಅಲ್ಲಾಡದೆ ಮಲಗಿರುತ್ತದೆ. ಬಿಸಿನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಉಬ್ಬಿದ್ದನ್ನು ಆರಿಸಿ ಊರಿದೆ. ಮೊಳೆತು ನಾಲ್ಕು ಎಲೆ ಬಿಟ್ಟ ಕೂಡಲೇ ಮುಟ್ಟಿ ನೋಡಿದೆ. ಇಷ್ಟೇ ಇಷ್ಟು ಗಿಡ, ಆಗಲೇ ಸಿಟ್ಟು!

ಕೆಲವರು ಇದನ್ನು ನಾಚಿಕೆ ಗಿಡ ಅನ್ನುತ್ತಾರೆ. ಲ್ಯಾಟಿನ್ ಹೆಸರಿನ 'ಪುಡಿಕಾ' ಕೂಡ ನಾಚಿಕೆಯೇ. ನನಗಂತೂ ಮುನಿಸೇ ಸರಿ ಅನಿಸುತ್ತದೆ. ನಾಚಿದವರು ತಲೆ ತಗ್ಗಿಸುತ್ತಾರೆ ಅಷ್ಟೇ, ಇದು ಪುಟ್ಟ ಎಲೆಗಳನ್ನು ಜೋಡಿ ಜೋಡಿಯಾಗಿ ಮುಚ್ಚಿಕೊಂಡು, ಸಾಲದ್ದಕ್ಕೆ ತೊಟ್ಟನ್ನೇ ಕೆಳಗೆ ಬಿಟ್ಟು, ಹೋಗಿ ಆಚೆ ಅನ್ನುವ ಹಾಗೆ ಕೂತುಬಿಡುತ್ತದೆ. ತೊಟ್ಟಿನ ಬುಡದಲ್ಲಿ ಒಂದು ಪುಟ್ಟ ಗಂಟಿದೆ. ಮುಟ್ಟಿದಾಗ ಅದರ ಕೆಳಬದಿಯ ಜೀವಕೋಶಗಳಿಂದ ನೀರು ಹೊರಗೆ ಹೋಗಿ ಆ ಬದಿ ಮೆತ್ತಗಾಗುತ್ತದೆ, ತೊಟ್ಟು ಜೋಲುತ್ತದೆ. ನೀರು ವಾಪಸು ತುಂಬಲು ಹತ್ತು ಹದಿನೈದು ನಿಮಿಷ ಬೇಕು. ಅಲ್ಲಿವರೆಗೆ ರಾಜಿ ಇಲ್ಲ.

ಗೊಬ್ಬರದ ತಾಪತ್ರಯ ಇಲ್ಲ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದುಕೊಡುತ್ತವೆ. ಬಿಸಿಲು ಮಾತ್ರ ಚೆನ್ನಾಗಿ ಬೀಳಬೇಕು. ಕಷ್ಟವೆಲ್ಲ ನೀರು ಹಾಕುವಾಗ. ಮೇಲಿಂದ ಸುರಿದರೆ ಹನಿ ಬಿದ್ದ ಎಲೆಗಳೆಲ್ಲ ಮುಚ್ಚಿಕೊಳ್ಳುತ್ತವೆ, ಹಾಗಾಗಿ ಬಗ್ಗಿ ಬುಡಕ್ಕೇ ಹಾಕಬೇಕು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಗಿಡದ ಕುಂಡಗಳನ್ನು 15 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಮೆತ್ತಗೆ ಬೀಳಿಸಿದರಂತೆ. ಏನೂ ಆಗುವುದಿಲ್ಲ ಅಂತ ಗೊತ್ತಾದ ಹಾಗೆ ಗಿಡಗಳು ಎಲೆ ಮುಚ್ಚುವುದನ್ನು ಬಿಟ್ಟವು, ತಿಂಗಳು ಕಳೆದರೂ ಆ ಪಾಠ ಮರೆಯಲಿಲ್ಲ. ನನ್ನ ತಂಬಿಗೆಗೆ ಮಾತ್ರ ಇನ್ನೂ ಆ ರಿಯಾಯಿತಿ ಸಿಕ್ಕಿಲ್ಲ.

ಹೂ ಬಿಟ್ಟಾಗ ಸಿಟ್ಟೆಲ್ಲ ಮಾಫಿ. ನಸುಗೆಂಪು ನೂಲಿನ ಉಂಡೆ, ಒಂದೊಂದು ಎಳೆಯ ತುದಿಗೂ ಧೂಳಿನಷ್ಟು ಸಣ್ಣ ಚುಕ್ಕಿ. ಹಾಗೆ ಅರಳಿದ್ದು ಒಂದೇ ದಿನ ಇರುವುದು. ಆಮೇಲೆ ಮುಳ್ಳುಮುಳ್ಳಾದ ಕಾಯಿ ಗೊಂಚಲು. ಒಣಗುವ ಮೊದಲೇ ಅದನ್ನು ಕತ್ತರಿಸುತ್ತೇನೆ, ಇಲ್ಲದಿದ್ದರೆ ಪಕ್ಕದ ಕುಂಡಗಳೂ ಇದರದ್ದೇ ಆಗುತ್ತವೆ.

ಮನೆಗೆ ಬಂದವರಿಗೆ ಗಿಡದ ಹೆಸರು ಹೇಳಿದರೆ ಮುಗಿಯಿತು, ಬೆರಳು ಮುಂದೆ ಬಂದಿರುತ್ತದೆ. ಅದಕ್ಕೇ ಒಂದು ನಿಯಮ ಮಾಡಿದ್ದೇನೆ: ಒಬ್ಬರಿಗೆ ಒಂದೇ ಎಲೆ. ಮಕ್ಕಳಿಗೆ ಎರಡು.