ಮೊದಲು ಯಾವ ಬೀದಿಯ ತಂತಿ?

ಕರೆಂಟ್ ಪದೇ ಪದೇ ಹೋಗುವ ಬೀದಿಗಳಲ್ಲೇ ಮೊದಲು ಕಂಬದ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸಬೇಕು ಅಂತ ಒಂದು ಲೇಖನದಲ್ಲಿದೆ. ಸರಿ, ಆದರೆ ಯಾಕೆ ಹೋಗುತ್ತದೆ ಅನ್ನೋದನ್ನೂ ನೋಡಬೇಕಲ್ವಾ? ಕೊಂಬೆ ಬಿದ್ದು ಹೋಗುತ್ತಿದ್ದರೆ ಹೂಳಿದ್ದಕ್ಕೆ ಫಲ ಉಂಟು. ನೀರು ನಿಲ್ಲುವ ತಗ್ಗಿನಲ್ಲಾದರೆ ಹೊಸ ತಲೆನೋವು. ಅಡಿಯ ಕೇಬಲ್ ಕೆಟ್ಟರೆ ಎಲ್ಲಿ ಅಂತ ಹುಡುಕಿ, ಅಗೆದು, ಜೋಡಿಸಲು ತುಂಬಾ ಹೊತ್ತು ಬೇಕು. ಕ್ಯಾಲಿಫೋರ್ನಿಯಾದಲ್ಲಿ 1967ರಲ್ಲೇ ತಂತಿ ನೆಲದಡಿಗೆ ಇಳಿಸೋದಕ್ಕೊಂದು ನಿಯಮ ಬಂತು. ತಂತಿಗಳು ಒತ್ತಾಗಿರುವ, ವಾಹನ ಜಾಸ್ತಿ ಓಡಾಡುವ, ನೋಡಲು ಚೆಂದದ ಜಾಗಗಳಿಗೆ ಅದರಲ್ಲಿ ಆದ್ಯತೆ ಇತ್ತು. ಅಂದರೆ ಅಂದಕ್ಕೇ ಮೊದಲ ಮಣೆ!

ನನ್ನ ಪ್ರಕಾರ, ಚರಂಡಿಗೋ ನೀರಿನ ಪೈಪಿಗೋ ಹೇಗೂ ಅಗೆಯಲಿರುವ ರಸ್ತೆ ಮೊದಲು. ಖರ್ಚಿನ ದೊಡ್ಡ ಪಾಲು ಅಗೆತದ್ದೇ. ಇಂಟರ್‌ನೆಟ್, ಟಿವಿ ಕೇಬಲ್‌ಗಳನ್ನೂ ಆಗಲೇ ಇಳಿಸಬೇಕು. ಇಲ್ಲದಿದ್ದರೆ ಅವುಗಳಿಗಾಗಿ ಕಂಬ ಅಲ್ಲೇ ಉಳಿಯುತ್ತದೆ.