ಹದಿನಾರು ಕುಂಡದ ಒಕ್ಕಲುತನ

ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅಂತ ಹಳೆಯ ಮಾತು. ಈಗ ಒಗೆದು ನೋಡಿ, ಯಾರದೋ ಮಾಳಿಗೆಯ ಟೊಮೆಟೊ ಕುಂಡದಲ್ಲಿ ಬೀಳುತ್ತದೆ. ಹೋದ ವರ್ಷ ಶಿವರಾತ್ರಿ ಮುಗಿದ ಮಾರನೇ ವಾರ ನಾನೂ ಆ ಸಾಲಿಗೆ ಸೇರಿದೆ. ಹದಿನಾರು ಕುಂಡ, ಆಟಿಕೆಯಂಥ ಒಂದು ಗುದ್ದಲಿ, ಹಸಿರು ಪೈಪು, ಜೊತೆಗೆ ಮೊಬೈಲಿನಲ್ಲಿ ನೋಡಿದ ನಲವತ್ತು ವಿಡಿಯೋಗಳ ಜ್ಞಾನ. ಆ ವಿಡಿಯೋಗಳಲ್ಲಿ ಯಾರ ಮನೆಯಲ್ಲೂ ಅವ್ವ ಇರುವುದಿಲ್ಲ. ನಮ್ಮ ಮನೆಯಲ್ಲಿ ಇದ್ದಾಳೆ.

ಅವ್ವನ ತವರು ಬ್ಯಾಡಗಿ ಸೀಮೆ. ಕಡ್ಡಿ ಮೆಣಸಿನಕಾಯಿ ಯಾವುದು, ಡಬ್ಬಿ ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಾಳೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ತನಗೇ ಶಾಲು ಹೊದಿಸಿದರೆನ್ನುವ ಹಾಗೆ ಓಣಿಯಲ್ಲಿ ಓಡಾಡಿದವಳು. ಸೊಂಟದ ಮೇಲೆ ಕೈಯಿಟ್ಟು ಕುಂಡಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಷ್ಟ್ ಎಕರೆ ಆತೋ ತಮ್ಮಾ?" ಎಂದು ಕೇಳಿ ಕೆಳಗಿಳಿದು ಹೋದಳು.

ಮೊದಲ ಎಡವಟ್ಟು ಮಣ್ಣಿನದೇ. ನವಲಗುಂದ ಕಡೆಯ ಕಪ್ಪು ಎರಿ ಮಣ್ಣೆಂದರೆ ಬಂಗಾರ ಅಂತ ಯಾರೋ ಅಂದಿದ್ದರು, ಟೆಂಪೋದವನಿಗೆ ಹೇಳಿ ತರಿಸಿದೆ. ಹೊಲದಲ್ಲಿ ಅದು ಬಂಗಾರವೇ, ಕಡಲೆ, ಹತ್ತಿ, ಬಿಳಿಜೋಳ ಎಲ್ಲ ಕೊಡುತ್ತದೆ. ಕುಂಡದಲ್ಲಿ ಮಾತ್ರ ಅದರದು ಹೊಸ ಅಳಿಯನ ಸ್ವಭಾವ. ಉಪಚಾರ ಮಾಡಿದರೆ ಉಬ್ಬುತ್ತದೆ, ಒಂದು ದಿನ ತಪ್ಪಿದರೆ ಬಿಗಿದುಕೊಂಡು ದೂರ ಸರಿಯುತ್ತದೆ. ಮಾರ್ಚ್ ಬಿಸಿಲಿಗೆ ಮಣ್ಣೆಲ್ಲ ಹೆಂಟೆಗಟ್ಟಿ, ಕುಂಡದ ಅಂಚು ಬಿಟ್ಟು, ಬೆರಳು ಹೋಗುವಷ್ಟು ಸಂದಿ ಬಿತ್ತು. ನಾನು ಹಾಕಿದ ನೀರು ಬೇರಿನ ಮುಖವನ್ನೂ ನೋಡದೆ ಆ ಸಂದಿಯಿಂದ ಕುಂಡದ ತೂತಿಗೆ, ತೂತಿನಿಂದ ಮಾಳಿಗೆಗೆ, ಮಾಳಿಗೆಯ ಪೈಪಿನಿಂದ ಪಕ್ಕದ ಮನೆಯ ಅಂಗಳಕ್ಕೆ ಹರಿಯಿತು. ಅಲ್ಲಿ ಕಾಕೂ ಹಳೇ ಧೋತರ ಹಾಸಿ ಸಂಡಿಗೆ ಒಣಹಾಕಿದ್ದರು.

"ಹಾಕಿದ್ದು ಅಕ್ಕಿ ಸಂಡಿಗಿ ರೀ," ಅಂದರು ಕಂಪೌಂಡಿನ ಆಚೆಯಿಂದ, ಬಹಳ ಸಮಾಧಾನದಿಂದ. "ಈಗ ನೋಡಿದ್ರ ರಾಗಿ ಸಂಡಿಗಿ ಆಗ್ಯಾವ."

ಅಂದಿನಿಂದ ನೀರನ್ನು ತಂಬಿಗೆಯಲ್ಲಿ ಅಳೆದು ಹಾಕತೊಡಗಿದೆ. ಹಾಕಲು ನೀರಾದರೂ ಎಲ್ಲಿತ್ತು? ನಮ್ಮ ಓಣಿಗೆ ಆಗ ಎಂಟು ದಿನಕ್ಕೊಮ್ಮೆ ನಳ. ಸವದತ್ತಿ ಎಲ್ಲಮ್ಮನ ಸೀಮೆಯಿಂದ ಹೊರಟ ಮಲಪ್ರಭೆ ನಮ್ಮ ಟಾಕಿ ಮುಟ್ಟುವಷ್ಟರಲ್ಲಿ ಅಜ್ಜಿಯಂತೆ ಏದುಸಿರು ಬಿಡುತ್ತಾಳೆ. ಅಕ್ಕಿ ತೊಳೆದ ನೀರು, ಪಲ್ಲೆ ತೊಳೆದ ನೀರು, ಎಲ್ಲದಕ್ಕೂ ನಾನು ವಾರಸುದಾರನಾದೆ. ಊಟಕ್ಕೆ ಬಂದ ಬೀಗರು ಕೈ ತೊಳೆಯುವಾಗ ಕೆಳಗೆ ಬಕೆಟ್ ಹಿಡಿದೆನೆಂದು ಹೆಂಡತಿ ಎರಡು ದಿನ ಮಾತು ಬಿಟ್ಟಳು. ಬೀಗರು ಮಾತ್ರ ಅದನ್ನು ಮರ್ಯಾದೆಯೆಂದೇ ತಿಳಿದಿದ್ದರು.

ಕೊತ್ತಂಬರಿಯ ಕಥೆ ಸಣ್ಣದು. ಮೂರು ಇಂಚು ಬೆಳೆದು, ಸೆಕೆಗೆ ಗಾಬರಿಯಾಗಿ, ಎಲೆ ಬಿಡುವ ವಯಸ್ಸಿನಲ್ಲೇ ಹೂ ಬಿಟ್ಟು ಮುದುಕಿಯಾಯಿತು. ಕೊನೆಗೆ ಸಿಕ್ಕಿದ್ದು ಬಿತ್ತಿದಷ್ಟೇ ಬೀಜ. ಅಸಲಿಗೆ ಮೋಸವಿಲ್ಲ, ಬಡ್ಡಿ ಇಲ್ಲ.

ಟೊಮೆಟೊ ಹಾಗಲ್ಲ, ಆಸೆ ತೋರಿಸಿ ಕೊಂದಿತು. ಹಳದಿ ಹೂ ತುಂಬಿಕೊಳ್ಳುವುದು, ನಾನು ಎಣಿಸುವುದು, ಮರುದಿನ ಎಣಿಸಿದ್ದೆಲ್ಲ ತೊಟ್ಟು ಸಮೇತ ನೆಲದ ಮೇಲೆ ಬಿದ್ದಿರುವುದು. ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ಗೆಳೆಯನಿಗೆ ಫೋನ್ ಮಾಡಿದೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊದ ಪರಾಗ ಕೆಲಸಕ್ಕೆ ಬರುವುದಿಲ್ಲ, ಕಾಯಿ ಕಚ್ಚದ ಹೂವನ್ನು ಗಿಡವೇ ಉದುರಿಸಿಬಿಡುತ್ತದೆ, ನೆರಳು ಮಾಡು ಅಂದ. ನೆರಳಿನ ಬಲೆ ತರುವುದಕ್ಕೆ ಮನೆಯಲ್ಲಿ ಬಜೆಟ್ ಮಂಜೂರಾಗಲಿಲ್ಲ. ಅವ್ವನ ಹಳೇ ಇಳಕಲ್ ಸೀರೆಯನ್ನು ನಾಲ್ಕು ಬಿದಿರಿಗೆ ಕಟ್ಟಿದೆ. ಹಸಿರು ಮೈ, ಕೆಂಪು ಸೆರಗು, ಅದರ ಕೆಳಗೆ ಮೈತುಂಬ ಹೂ ಬಿಟ್ಟ ಆರು ಟೊಮೆಟೊ ಗಿಡ. ಕಾಕೂ ತಮ್ಮ ಮಾಳಿಗೆಗೆ ಬಟ್ಟೆ ಹರವಲು ಬಂದವರು ಕೈಯಲ್ಲಿದ್ದ ಪಿನ್ನು ಬಿಟ್ಟು ನಿಂತರು.

"ಏನ್ರೀ, ಕುಬಸಾ ಮಾಡಾಕತ್ತೀರೇನು?"

ಸೀಮಂತ ಮಾಡಿದ್ದು ಸುಳ್ಳಾಗಲಿಲ್ಲ. ಮೂರು ಕಾಯಿ ಕಚ್ಚಿದವು.

ಅದೇ ಹುರುಪಿನಲ್ಲಿದ್ದಾಗ ಕಾಕೂ ಒಂದು ಸಲಹೆ ಕೊಟ್ಟರು. "ಗಿಡಾ ಸಪ್ಪಗದಾವು. ಶೇಂಗಾ ಹಿಂಡಿ ಹಾಕ್ರಿ, ಹೆಂಗ್ ಏಳ್ತಾವ ನೋಡ್ರಿ." ಮಾತು ನೂರಕ್ಕೆ ನೂರು ಸರಿ. ಎಣ್ಣೆ ತೆಗೆದು ಉಳಿದ ಹಿಂಡಿಯಲ್ಲಿ ಸಾರಜನಕ ಬೇಕಾದಷ್ಟಿರುತ್ತದೆ, ನೆನೆಹಾಕಿ ತಿಳಿಮಾಡಿ ಹಾಕಬೇಕು. ನಾನು ಗಾಣದವನ ಹತ್ತಿರ ಎರಡು ಕಿಲೋ ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದೆ. ಆಫೀಸಿನಿಂದ ಮಗನಿಗೆ ಫೋನ್ ಮಾಡಿ, "ಎಲ್ಲಾ ಕುಂಡಕ್ಕೂ ಎರಡೆರಡು ಚಮಚ ಶೇಂಗಾ ಹಿಂಡಿ ಹಾಕು" ಎಂದೆ. ರಜೆಯಲ್ಲಿ ಆ ಹುಡುಗ ಮಾತು ಕೇಳಿದ್ದು ಅದೊಂದೇ ದಿನ. ನಮ್ಮ ಕಡೆ ರೊಟ್ಟಿಗೆ ಹಚ್ಚಿಕೊಂಡು ತಿನ್ನುವುದೂ ಶೇಂಗಾ ಹಿಂಡಿಯೇ. ಮೆಟ್ಟಿಲ ಕೆಳಗಿನದು ಅವನಿಗೆ ಗೊತ್ತಿರಲಿಲ್ಲ, ಅಡುಗೆಮನೆಯ ಡಬ್ಬಿ ಗೊತ್ತಿತ್ತು. ಬೆಳ್ಳುಳ್ಳಿ, ಜೀರಿಗೆ, ಬ್ಯಾಡಗಿ ಖಾರ ಹಾಕಿ ಅವ್ವ ಹಿಂದಿನ ದಿನವಷ್ಟೇ ಕುಟ್ಟಿಟ್ಟದ್ದನ್ನು ಹದಿನಾರೂ ಕುಂಡಗಳಿಗೆ ಸಮನಾಗಿ ಬಡಿಸಿದ್ದ. ಸಂಜೆ ಮಾಳಿಗೆ ಹತ್ತಿದರೆ ಮದುವೆಮನೆಯ ವಾಸನೆ.

ಅವ್ವ ಖಾಲಿ ಡಬ್ಬಿಯ ತಳ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಬರೇ ಹಿಂಡಿ ಹೆಂಗ ತಿಂತಾವೋ? ಒಂದೊಂದು ರೊಟ್ಟಿನೂ ಇಡಬೇಕಿತ್ತು."

ರೊಟ್ಟಿ ಇಲ್ಲದೆಯೂ ತಿನ್ನುವವರು ಬಂದರು. ಮೊದಲು ಕೆಂಪಿರುವೆ, ಮುಂದಿನ ವಾರ ಬೆಂಡಿಕಾಯಿ ಗಿಡದ ತುಂಬ ಬಿಳಿ ಹಿಟ್ಟುತಿಗಣೆ. ಈ ತಿಗಣೆಯನ್ನು ಇರುವೆಗಳು ನಾವು ಎಮ್ಮೆ ಸಾಕಿದ ಹಾಗೆ ಸಾಕುತ್ತವೆ, ಅದು ಸುರಿಸುವ ಸಿಹಿ ಅಂಟೇ ಅವಕ್ಕೆ ಹಾಲು, ವೈರಿ ಬಂದರೆ ಕಾದು ಓಡಿಸುತ್ತವೆ. ನನ್ನ ಮಾಳಿಗೆಯಲ್ಲಿ ಲಾಭದಲ್ಲಿ ನಡೆದ ಒಕ್ಕಲುತನ ಅದೊಂದೇ.

ಇನ್ನು ಹೀರೆ. ಬಳ್ಳಿ ದಿನಕ್ಕೊಂದು ಗೇಣು ಓಡಿತು, ಹೂವೂ ಬಂತು, ಆದರೆ ನಮ್ಮ ಕಡೆಯ ವಧು-ವರರ ಸಮಾವೇಶದ ಹಾಗೆ ಗಂಡುಗಳೇ ಗೊಂಚಲುಗಟ್ಟಿ ನಿಂತಿದ್ದವು, ಕನ್ಯಾ ಒಂದೂ ಇಲ್ಲ. ಹದಿನೈದು ದಿನ ಕಾದ ಮೇಲೆ ಬುಡದಲ್ಲಿ ಬೆಂಕಿಕಡ್ಡಿಯಷ್ಟು ಕಾಯಿ ಹೊತ್ತ ಒಂದು ಹೆಣ್ಣು ಮೊಗ್ಗು ಕಂಡಿತು. ಮಗನ ಬಣ್ಣದ ಬ್ರಶ್ ಹಿಡಿದು ದಿನಾ ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ ಹೋಗತೊಡಗಿದೆ. ಹೋದಾಗಲೆಲ್ಲ ಹೂಗಳು ಮುದುಡಿ ಮಲಗಿರುತ್ತಿದ್ದವು. ಹತ್ತು ದಿನ, ಮೂರು ಹೆಣ್ಣು ಹೂ ವ್ಯರ್ಥವಾದ ಮೇಲೆ ಅವ್ವ ಬಾಯಿ ಬಿಟ್ಟಳು. "ಹೀರಿ ಹೂ ಅರಳೂದು ಸಂಜಿಕ. ಹೊತ್ತು ಮುಣಗೋ ಹೊತ್ತಿಗೆ ಹೋಗು."

"ಮೊದಲ ಹೇಳಬಾರದೇನವ್ವಾ?"

"ನನ್ನೆಲ್ಲಿ ಕೇಳಿದಿ? ಆ ಮೊಬೈಲ್ ಕೇಳಾಕತ್ತಿದ್ದಿ."

ಸಂಜೆ ಹೋದೆ. ಹಳದಿ ಹೂಗಳೆಲ್ಲ ದೀಪ ಹಚ್ಚಿದಂತೆ ಅರಳಿದ್ದವು. ಉಸಿರು ಹಿಡಿದು ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಸವರಿದೆ. ಕಾಯಿ ಗೇಣುದ್ದ ಬೆಳೆಯಿತು. ಬೆಳೆದ ದಿನವೇ ಮುಶ್ಯಾ, ಅಂದರೆ ಮಂಗ ಬಂದು, ಕಿತ್ತು, ಒಂದು ಕಚ್ಚು ಕಚ್ಚಿ, ನನ್ನ ಮುಖ ನೋಡಿ, ಒಗೆದು ಹೋಯಿತು. ತಿಂದಿದ್ದರೂ ಇಷ್ಟು ದುಃಖವಾಗುತ್ತಿರಲಿಲ್ಲ.

ಬಳ್ಳಿಗೂ ನನ್ನ ಮೇಲೆ ಭರವಸೆ ಹೋಗಿರಬೇಕು. ಕಂಪೌಂಡ್ ದಾಟಿ ಕಾಕೂ ಅವರ ಪೇರಲ ಗಿಡಕ್ಕೆ ಹಬ್ಬಿಕೊಂಡಿತು. ಅಲ್ಲಿ ನೆರಳಿತ್ತು, ಸಂಜೆಗೆ ಪತಂಗಗಳಿದ್ದವು, ಬ್ರಶ್ ಹಿಡಿದ ಮನುಷ್ಯ ಇರಲಿಲ್ಲ. ಒಂದು ರವಿವಾರ ಕಾಕೂ ಸ್ಟೀಲ್ ಡಬ್ಬಿ ಹಿಡಿದು ಬಂದರು. "ನಮ್ಮ ಪೇರಲ ಗಿಡದಾಗ ಹೀರಿಕಾಯಿ ಆಗ್ಯಾವ್ರೀ! ಪಲ್ಯೆ ಮಾಡೀನಿ, ರುಚಿ ನೋಡ್ರಿ." ಬೇರು ನನ್ನ ಕುಂಡದಲ್ಲಿದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಸಂಡಿಗೆ ನೆನಪಾಗಿ ನುಂಗಿಕೊಂಡೆ. ಪಲ್ಯೆ ಛಲೋ ಇತ್ತು.

ಆದರೆ ಡಬ್ಬಿಯನ್ನು ಖಾಲಿ ಮರಳಿಸುವ ರೂಢಿ ನಮ್ಮಲ್ಲಿಲ್ಲ. ಹೆಂಡತಿ ಸೂಸಲ ತುಂಬಿ ಕಳಿಸಿದಳು. ಮೂರು ದಿನಕ್ಕೆ ಅದೇ ಡಬ್ಬಿ ಹೀರಿಕಾಯಿ ಸಿಪ್ಪೆಯ ಚಟ್ನಿ ಹೊತ್ತು ಬಂತು. ಅಂದು ಮನೆಯಲ್ಲಿ ಏನೂ ಇರಲಿಲ್ಲ, ನಾನೇ ಹೋಗಿ ಫೇಡೆ ತಂದೆ. ಕಾಲು ಕಿಲೋ ಫೇಡೆ ಕೊಟ್ಟು ನನ್ನದೇ ಹೀರೇಕಾಯಿಯ ಸಿಪ್ಪೆ ಕೊಂಡಂತಾಯಿತು. ಮತ್ತೆ ಬಜ್ಜಿ ಬಂತು, ಕರ್ಚಿಕಾಯಿ ಹೋಯಿತು.

ಕೊನೆಗೊಂದು ದಿನ ಮಳೆ ಗುಡುಗು-ಸಿಡಿಲಿನೊಂದಿಗೆ ಬಿತ್ತು. ಇಳಕಲ್ ಸೀರೆ ಹಾರಿ ಕರೆಂಟಿನ ಕಂಬಕ್ಕೆ ಸುತ್ತಿಕೊಂಡಿತು, ಐದು ಕುಂಡ ಉರುಳಿದವು, ಹೀರೆ ಬಳ್ಳಿ ನನ್ನ ಕಡೆಯ ಬುಡದಲ್ಲೇ ಮುರಿಯಿತು. ಕುಬಸದ ಟೊಮೆಟೊ ಮೂರರಲ್ಲಿ ಎರಡು ಉಳಿದಿದ್ದವು. ಅವ್ವ ಅವನ್ನು ಸಾರಿಗೆ ಹಾಕಿ, ಊಟ ಮುಗಿಯುವ ತನಕ ಏನೂ ಅನ್ನಲಿಲ್ಲ.

ಮರುದಿನ ಕಾಕೂ ಉಳಿದ ನಾಲ್ಕು ಹೀರೇಕಾಯಿ ಕೊಯ್ದು ಕಳಿಸಿದರು, ಅದೇ ಡಬ್ಬಿಯ ಮುಚ್ಚಳ ತೆಗೆದು, ನೆಟ್ಟಗೆ ನಿಲ್ಲಿಸಿ. ಏನು ತುಂಬುವುದೆಂದು ಹೆಂಡತಿ ಕಪಾಟು ತಡಕುತ್ತಿದ್ದಳು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದು, ಮತ್ತೆ ಹೊಸದಾಗಿ ಕುಟ್ಟಿದ ಶೇಂಗಾ ಹಿಂಡಿಯನ್ನು ಒತ್ತಿ ಒತ್ತಿ ತುಂಬಿ ನನ್ನ ಕೈಗಿಟ್ಟಳು. ನಾನು ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋಗಿದ್ದೆ, ಹಿಂದಿನಿಂದ ಕೂಗಿದಳು.

"ತಿನ್ನೂದೈತಿ ಅಂತ ಹೇಳ ತಮ್ಮಾ! ಅವರೂ ಬಳ್ಳಿಗೆ ಹಾಕ್ಯಾರು."